ವರ್ಚುವಲ್ ಸಾಕುಪ್ರಾಣಿ ತಾಣಗಳು: ಮೊದಲ ಸ್ಥಾನಕ್ಕೆ ರಾಜಮಾರ್ಗ ಯಾವುದು, ಅಡ್ಡದಾರಿ ಯಾವುದು?

ಹಾಲು ಹಾಕಬೇಕಿಲ್ಲ, ಸಂಜೆ ಬೀದಿ ಸುತ್ತಿಸಬೇಕಿಲ್ಲ, ನೆರೆಮನೆಯವರ ದೂರಂತೂ ಇಲ್ಲವೇ ಇಲ್ಲ. ಗಣಕಯಂತ್ರದ ಪರದೆಯ ಮೇಲೆಯೇ ಹುಟ್ಟಿ, ಅಲ್ಲಿಯೇ ಹಸಿದು, ಅಲ್ಲಿಯೇ ಬೆಳೆಯುವ ವರ್ಚುವಲ್ ಸಾಕುಪ್ರಾಣಿಗಳಿಗೆ ಈಗ ಸುಮಾರು ಮೂರು ದಶಕಗಳ ಇತಿಹಾಸವಿದೆ. 1996ರಲ್ಲಿ ಜಪಾನಿನ ಬಂಡಾಯ್ ಕಂಪನಿ ಮೊಟ್ಟೆಯಾಕಾರದ ತಮಗೋಚಿ ಆಟಿಕೆಯನ್ನು ಮಾರುಕಟ್ಟೆಗೆ ಬಿಟ್ಟಿತು. 1999ರ ನವೆಂಬರ್‌ನಲ್ಲಿ ಬ್ರಿಟನ್ನಿನ ಆಡಂ ಪವೆಲ್ ಹಾಗೂ ಡೊನ್ನಾ ವಿಲಿಯಮ್ಸ್ ಆರಂಭಿಸಿದ ನಿಯೋಪೆಟ್ಸ್, ಇದೇ ಆಟವನ್ನು ಅಂತರ್ಜಾಲಕ್ಕೆ ತಂದಿತು. 2005ರಲ್ಲಿ ಮಾಧ್ಯಮ ದೈತ್ಯ ವಯಾಕಾಂ ಈ ತಾಣವನ್ನು 16 ಕೋಟಿ ಡಾಲರ್ ತೆತ್ತು ಕೊಂಡುಕೊಂಡಿತೆಂದರೆ ಇದು ಬರಿಯ ಮಕ್ಕಳಾಟವಲ್ಲವೆಂಬುದು ಸ್ಪಷ್ಟ.

ಹಣವಿದ್ದಲ್ಲಿ ಪೈಪೋಟಿ ಇದ್ದೇ ಇರುತ್ತದೆ. ನಿಯೋಪೆಟ್ಸ್‌ನ ಯಶಸ್ಸಿನ ಬೆನ್ನಿಗೇ ಚಿಕ್ಕ ದೊಡ್ಡ ತಾಣಗಳು ಹಲವು ತಲೆಯೆತ್ತಿದವು. ಜಾಹೀರಾತಿಗೆ ದುಡ್ಡಿಲ್ಲದ ಚಿಕ್ಕ ತಾಣಕ್ಕೆ ಆಟಗಾರರನ್ನು ಕರೆತರುವ ಹೆಬ್ಬಾಗಿಲು ಶೋಧಯಂತ್ರ, ಅರ್ಥಾತ್ ಸರ್ಚ್ ಎಂಜಿನ್. ಅದರ ಫಲಿತಾಂಶ ಪಟ್ಟಿಯಲ್ಲಿ ಮೇಲಿನ ಸ್ಥಾನ ಗಳಿಸುವ ಕಸುಬಿಗೆ ಸರ್ಚ್ ಎಂಜಿನ್ ಆಪ್ಟಿಮೈಸೇಶನ್, ಚುಟುಕಾಗಿ ಎಸ್‌ಇಒ ಎಂದು ಹೆಸರು. ಈ ಕಸುಬಿನವರು ನಿಯಮಬದ್ಧ ವಿಧಾನವನ್ನು ಬಿಳಿ ಟೋಪಿ ಎಂದೂ, ವಂಚನೆಯ ವಿಧಾನವನ್ನು ಕರಿ ಟೋಪಿ ಎಂದೂ ಕರೆಯುತ್ತಾರೆ. ಕನ್ನಡಿಗರಿಗೆ ಟೋಪಿ ಹಾಕುವುದೆಂದರೆ ಒಂದೇ ಅರ್ಥ, ಬಣ್ಣ ಯಾವುದಾದರೇನು!

ಕೊಂಡಿಯೇ ಮತ

1998ರಲ್ಲಿ ಸೆರ್ಗೆ ಬ್ರಿನ್ ಮತ್ತು ಲ್ಯಾರಿ ಪೇಜ್ ಮಂಡಿಸಿದ ಪೇಜ್‌ರ್‍ಯಾಂಕ್ ತತ್ವ ಸರಳವಾದುದು. ಒಂದು ಪುಟ ಮತ್ತೊಂದಕ್ಕೆ ಕೊಂಡಿ ನೀಡಿದರೆ ಅದನ್ನು ಮತವೆಂದು ಎಣಿಸಬೇಕು. ಮತ ಹಾಕಿದವರ ತೂಕವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಇಂದು ಗೂಗಲ್ ಶ್ರೇಯಾಂಕಕ್ಕೆ ಇನ್ನೂ ಅನೇಕ ಅಂಶಗಳನ್ನು ಪರಿಗಣಿಸುತ್ತದಾದರೂ ಕೊಂಡಿಯ ಮಹತ್ವ ಪೂರ್ತಿ ಹೋಗಿಲ್ಲ.

ಸಾಕುಪ್ರಾಣಿ ತಾಣಗಳ ವಿಷಯದಲ್ಲಿ ತೊಡಕು ಆರಂಭವಾಗುವುದು ಇಲ್ಲಿಯೇ. ಇವುಗಳ ಆಟದ ರಚನೆಯೇ ಕೊಂಡಿ ಹಂಚುವುದನ್ನು ಉತ್ತೇಜಿಸುತ್ತದೆ. 2006ರಲ್ಲಿ ಆರಂಭವಾದ ಡ್ರ್ಯಾಗನ್ ಕೇವ್ ಇದಕ್ಕೆ ಉತ್ತಮ ನಿದರ್ಶನ. ಅಲ್ಲಿ ಆಟಗಾರನಿಗೆ ಸಿಗುವ ಡ್ರ್ಯಾಗನ್ ಮೊಟ್ಟೆ ಒಡೆಯಬೇಕಾದರೆ ಇತರರು ಅದನ್ನು ನೋಡಬೇಕು, ಕ್ಲಿಕ್ ಮಾಡಬೇಕು. ಏಳು ದಿನಗಳ ಗಡುವಿನೊಳಗೆ ಸಾಕಷ್ಟು ನೋಟ ಸಿಗದಿದ್ದರೆ ಮೊಟ್ಟೆ ಸಾಯುತ್ತದೆ. ಹೀಗಾಗಿ ಆಟಗಾರರು ತಮ್ಮ ಮೊಟ್ಟೆಯ ಚಿತ್ರವನ್ನೂ ಕೊಂಡಿಯನ್ನೂ ಸಿಕ್ಕ ಸಿಕ್ಕ ಚರ್ಚಾ ವೇದಿಕೆಗಳಲ್ಲಿ ತಮ್ಮ ಸಹಿಯ ಕೆಳಗೆ ಅಂಟಿಸುತ್ತಾರೆ. ಗಮನಾರ್ಹ ಸಂಗತಿಯೆಂದರೆ, ಅಲ್ಪಾವಧಿಯಲ್ಲಿ ವಿಪರೀತ ನೋಟಗಳು ಬಂದರೆ ಮೊಟ್ಟೆಗೆ ಕಾಯಿಲೆ ಬರುವಂತೆಯೂ ಆಟದಲ್ಲಿ ನಿಯಮವಿದೆ. ಅತಿಯಾದ ಪ್ರಚಾರಕ್ಕೆ ಆಟದೊಳಗೇ ಹಾಕಿದ ಕಡಿವಾಣ ಇದೆನ್ನಬಹುದು.

ಇಂತಹ ಕೊಂಡಿಗಳನ್ನು ಶೋಧಯಂತ್ರ ಮತವೆಂದು ಎಣಿಸಬೇಕೇ? 2005ರ ಜನವರಿಯಲ್ಲಿ ಗೂಗಲ್, ಯಾಹೂ ಮತ್ತು ಮೈಕ್ರೋಸಾಫ್ಟ್ ಸಂಸ್ಥೆಗಳು ಒಟ್ಟಾಗಿ ನೋಫಾಲೋ ಎಂಬ ಗುರುತನ್ನು ಒಪ್ಪಿಕೊಂಡವು. ಆ ಗುರುತಿರುವ ಕೊಂಡಿಯ ಮೂಲಕ ಓದುಗ ಹೋಗಬಹುದು, ಆದರೆ ಅದು ಸಾಮಾನ್ಯವಾಗಿ ಶ್ರೇಯಾಂಕದ ಮತವಾಗುವುದಿಲ್ಲ. 2019ರಲ್ಲಿ ಗೂಗಲ್ ಇನ್ನೆರಡು ಗುರುತುಗಳನ್ನು ಸೇರಿಸಿತು. ಹಣ ಪಡೆದು ಹಾಕಿದ ಕೊಂಡಿಗೆ ಸ್ಪಾನ್ಸರ್ಡ್, ಬಳಕೆದಾರರೇ ಹಾಕಿದ ಕೊಂಡಿಗೆ ಯುಜಿಸಿ. ತಾಣದ ಒಡೆಯ ಪ್ರಾಮಾಣಿಕನಾಗಿದ್ದರೆ ಈ ಗುರುತುಗಳನ್ನು ಹಾಕುವುದು ಕಷ್ಟದ ಕೆಲಸವೇನಲ್ಲ.

ನಾಣ್ಯ ಕೊಟ್ಟು ಮತ ಕೊಳ್ಳುವುದು

ಶೋಧಯಂತ್ರದ ಹೊರಗೂ ಶ್ರೇಯಾಂಕದ ಮತ್ತೊಂದು ಲೋಕವಿದೆ. ಟಾಪ್‌ಸೈಟ್ ಎಂದು ಕರೆಯಲಾಗುವ ಪಟ್ಟಿಗಳು ಸಾಕುಪ್ರಾಣಿ ತಾಣಗಳನ್ನು ಮತಗಳ ಆಧಾರದ ಮೇಲೆ ಸಾಲಾಗಿ ನಿಲ್ಲಿಸುತ್ತವೆ. ಸದಸ್ಯ ತಾಣವು ತನ್ನ ಪುಟದಲ್ಲಿ ಮತದ ಗುಂಡಿಯೊಂದನ್ನು ಇಡುತ್ತದೆ, ಆಟಗಾರ ಅದನ್ನು ಒತ್ತುತ್ತಾನೆ, ತಾಣ ಒಂದು ಮೆಟ್ಟಿಲು ಮೇಲೇರುತ್ತದೆ. ಆಟಗಾರನಿಗೆ ಒತ್ತುವ ಉತ್ಸಾಹ ಎಲ್ಲಿಂದ ಬರಬೇಕು? ದಿನಕ್ಕೊಂದು ಮತ ಹಾಕಿದವರಿಗೆ ಆಟದ ನಾಣ್ಯವನ್ನೋ, ಅಪರೂಪದ ಆಹಾರವನ್ನೋ ಉಡುಗೊರೆಯಾಗಿ ಕೊಡುವ ಪರಿಪಾಠ ಬೆಳೆದದ್ದು ಹೀಗೆ. ಚುನಾವಣೆಯಲ್ಲಿ ಸೀರೆ, ಕುಕ್ಕರ್ ಹಂಚುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದು ಕಾನೂನಿನ ಅಪರಾಧವಲ್ಲ. ಆದರೆ ಪಟ್ಟಿ ನೋಡಿ ತಾಣ ಆರಿಸುವ ಹೊಸಬನಿಗೆ, ಒಳ್ಳೆಯ ಆಟಕ್ಕೂ ಧಾರಾಳ ಲಂಚಕ್ಕೂ ವ್ಯತ್ಯಾಸ ತಿಳಿಯದೆ ಹೋಗುತ್ತದೆ. ನ್ಯಾಯವಾದ ಪಟ್ಟಿ ನಡೆಸಬೇಕಾದವರು ಮತ ಎಣಿಸುವ ನಿಯಮವನ್ನು ಬಹಿರಂಗಪಡಿಸಬೇಕು, ಒಬ್ಬನೇ ಪದೇ ಪದೇ ಒತ್ತುವುದನ್ನು ತಡೆಯಬೇಕು, ಹಣ ಕೊಟ್ಟು ಮೇಲೆ ಕುಳಿತ ತಾಣಕ್ಕೆ ಜಾಹೀರಾತು ಎಂಬ ಹಣೆಪಟ್ಟಿ ಹಚ್ಚಬೇಕು. ಭಾರತದಲ್ಲಿ ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯು, ಮಾಹಿತಿಯ ವೇಷ ತೊಟ್ಟ ಜಾಹೀರಾತನ್ನು ನಿಷಿದ್ಧ ತಂತ್ರಗಳ ಸಾಲಿಗೆ ಸೇರಿಸಿದೆ.

ಸೋಗಿನ ಪುಟಗಳು

ಹಳೆಯ ಕಾಲದ ತಂತ್ರಗಳಲ್ಲಿ ಹಲವು ಈಗ ನಿಷ್ಪ್ರಯೋಜಕ. ಬಿಳಿ ಹಿನ್ನೆಲೆಯಲ್ಲಿ ಬಿಳಿ ಅಕ್ಷರದ ಪದಗಳನ್ನು ಅಡಗಿಸಿಡುವುದು, ಪ್ರತಿಸ್ಪರ್ಧಿಯ ಹೆಸರನ್ನು ಪುಟದ ಕೀವರ್ಡ್ ಪಟ್ಟಿಯಲ್ಲಿ ತುರುಕುವುದು ಇವೆಲ್ಲ ಒಂದು ಕಾಲಕ್ಕೆ ನಡೆದವು. ಕೀವರ್ಡ್ ಪಟ್ಟಿಯನ್ನು ಶ್ರೇಯಾಂಕಕ್ಕೆ ಬಳಸುವುದಿಲ್ಲವೆಂದು 2009ರಲ್ಲಿ ಗೂಗಲ್ ಬಹಿರಂಗವಾಗಿಯೇ ಹೇಳಿತು. ಶೋಧಯಂತ್ರಕ್ಕೆ ಒಂದು ಪುಟ, ಓದುಗನಿಗೆ ಇನ್ನೊಂದು ಪುಟ ತೋರಿಸುವ ಚಾಳಿಗೆ ದೊಡ್ಡವರೂ ದಂಡ ತೆತ್ತಿದ್ದಾರೆ. 2006ರ ಫೆಬ್ರುವರಿಯಲ್ಲಿ ಬಿಎಂಡಬ್ಲ್ಯು ಕಾರು ಕಂಪನಿಯ ಜರ್ಮನ್ ತಾಣವನ್ನೇ ಗೂಗಲ್ ಕೆಲ ದಿನ ತನ್ನ ಪಟ್ಟಿಯಿಂದ ಹೊರದಬ್ಬಿತ್ತು.

ಸಾಕುಪ್ರಾಣಿ ತಾಣಕ್ಕೆ ಸಂಬಂಧಿಸಿದ ಸಮಸ್ಯೆ ಬೇರೆಯದೇ. ಪ್ರತಿ ಪ್ರಾಣಿಗೂ ಒಂದೊಂದು ಪುಟ ಇರುವುದರಿಂದ ಹೆಸರು, ಬಣ್ಣ, ಹಸಿವಿನ ಅಂಕಿ ಬಿಟ್ಟರೆ ಬೇರೇನೂ ಇಲ್ಲದ ಪುಟಗಳು ಲಕ್ಷಗಟ್ಟಲೆ ಸೇರುತ್ತವೆ. ತಾಣದ ನಿಜವಾದ ಹೂರಣ, ಅಂದರೆ ಆಟ, ಲಾಗಿನ್ ಬಾಗಿಲಿನ ಹಿಂದಿರುತ್ತದೆ. ಶೋಧಯಂತ್ರಕ್ಕೆ ಅಲ್ಲಿ ಪ್ರವೇಶವಿಲ್ಲ. ಹಳೆಯ ಆಟಗಳು ಫ್ಲ್ಯಾಶ್ ತಂತ್ರಾಂಶದಲ್ಲಿದ್ದುದರಿಂದ ಅವುಗಳೊಳಗಿನ ಪಠ್ಯವನ್ನು ಓದುವುದೂ ಕಷ್ಟವಾಗಿತ್ತು. 2020ರ ಡಿಸೆಂಬರ್ 31ಕ್ಕೆ ಅಡೋಬಿ ಫ್ಲ್ಯಾಶ್‌ಗೆ ಬೆಂಬಲ ನಿಲ್ಲಿಸಿದ ಮೇಲೆ ಆ ಆಟಗಳೇ ಮೂಲೆಗುಂಪಾದವು. ಯೂನಿಕೋಡ್ ಬಳಕೆಗೆ ಬರುವ ಮುನ್ನ ತಂತಮ್ಮದೇ ಫಾಂಟ್‌ಗಳಲ್ಲಿ ಪ್ರಕಟವಾಗುತ್ತಿದ್ದ ಕನ್ನಡ ತಾಣಗಳೂ ಇದೇ ಪಾಡು ಅನುಭವಿಸಿದ್ದವು: ಪುಟವಿತ್ತು, ಹುಡುಕಿದರೆ ಸಿಗುತ್ತಿರಲಿಲ್ಲ.

ಪರಿಹಾರ ಸರಳ. ಪೊಳ್ಳು ಪುಟಗಳಿಗೆ ನೋಇಂಡೆಕ್ಸ್ ಗುರುತು ಹಾಕಿ ಪಟ್ಟಿಗೆ ಸೇರದಂತೆ ತಡೆಯಬಹುದು. ಒಂದೇ ವಿಷಯ ಹಲವು ವಿಳಾಸಗಳಲ್ಲಿದ್ದರೆ ಮೂಲ ಯಾವುದೆಂದು ಕೆನಾನಿಕಲ್ ಗುರುತಿನಿಂದ ಸೂಚಿಸಬಹುದು. ಆಟದ ಕೈಪಿಡಿ, ಪ್ರಾಣಿಗಳ ಪರಿಚಯ, ಪೋಷಕರಿಗೆ ಸುರಕ್ಷತಾ ಮಾಹಿತಿ ಇವನ್ನು ಲಾಗಿನ್ ಇಲ್ಲದೆಯೇ ಓದುವಂತೆ ತೆರೆದಿಟ್ಟರೆ ಶೋಧಯಂತ್ರಕ್ಕೂ ಪೋಷಕರಿಗೂ ಅನುಕೂಲ.

ಬಲೆಗೆ ಬೀಳುವ ಮಕ್ಕಳು

ಶ್ರೇಯಾಂಕದ ವಂಚನೆ ನಿಜಕ್ಕೂ ಅಪಾಯಕಾರಿಯಾಗುವುದು ಉಚಿತ ನಾಣ್ಯ, ಚೀಟ್ ಎಂಬ ಪದಗಳ ಹುಡುಕಾಟದಲ್ಲಿ. ಪ್ರಾಣಿಗೆ ದುಬಾರಿ ಬಣ್ಣ ಕೊಡಿಸಲು ನಾಣ್ಯ ಸಾಲದ ಮಗು ಈ ಪದಗಳನ್ನು ಟೈಪಿಸುತ್ತದೆ. ಅದಕ್ಕೆಂದೇ ಹೆಣೆದ ಪುಟ ಎದುರಾಗಿ ಬಳಕೆದಾರ ಹೆಸರು, ಪಾಸ್‌ವರ್ಡ್ ಕೇಳುತ್ತದೆ. ಮರುಕ್ಷಣ ವರ್ಷಗಟ್ಟಲೆ ಸಾಕಿದ ಪ್ರಾಣಿ ಕಳ್ಳರ ಪಾಲು. ಅದೇ ಪಾಸ್‌ವರ್ಡ್ ಮನೆಯವರ ಇ-ಮೇಲ್‌ಗೂ ಇದ್ದರೆ ನಷ್ಟ ಆಟಕ್ಕಷ್ಟೇ ಸೀಮಿತವಲ್ಲ.

ಅಮೆರಿಕದಲ್ಲಿ 2000ದಿಂದ ಜಾರಿಯಲ್ಲಿರುವ ಕೊಪ್ಪಾ ಕಾಯ್ದೆಯು 13 ವರ್ಷದೊಳಗಿನವರ ಮಾಹಿತಿ ಸಂಗ್ರಹಕ್ಕೆ ಪೋಷಕರ ಒಪ್ಪಿಗೆ ಕಡ್ಡಾಯಗೊಳಿಸಿದೆ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರೆಲ್ಲರನ್ನೂ ಮಕ್ಕಳೆಂದು ಪರಿಗಣಿಸುತ್ತದೆ; ಮಕ್ಕಳ ಜಾಡು ಹಿಡಿದು ಜಾಹೀರಾತು ಗುರಿಯಿಡುವುದನ್ನೂ ನಿಷೇಧಿಸುತ್ತದೆ. ಆದರೆ ಅಧಿಕೃತ ತಾಣಗಳೂ ಸೋರುವುದುಂಟು. 2022ರ ಜುಲೈನಲ್ಲಿ ನಿಯೋಪೆಟ್ಸ್‌ನ ಸುಮಾರು 6.9 ಕೋಟಿ ಖಾತೆಗಳ ಮಾಹಿತಿ ಕಳವಾಗಿತ್ತು.

ಸತ್ತ ತಾಣದ ಹೆಸರು

ತಾಣ ಮುಚ್ಚಿದರೂ ಅದರ ಹೆಸರಿನ ಬೆಲೆ ಉಳಿಯುತ್ತದೆ. ಪಫಲ್ ಎಂಬ ಸಾಕುಪ್ರಾಣಿಗಳಿಂದ ಮಕ್ಕಳ ಮನಗೆದ್ದಿದ್ದ ಕ್ಲಬ್ ಪೆಂಗ್ವಿನ್ ತಾಣವನ್ನು ಡಿಸ್ನಿ 2017ರ ಮಾರ್ಚ್‌ನಲ್ಲಿ ಮುಚ್ಚಿತು. ಅದೇ ಹೆಸರಿನ ಅನಧಿಕೃತ ಅವತಾರಗಳು ಹುಟ್ಟಿಕೊಂಡವು. ಅಂಥ ಒಂದು ತಾಣದಲ್ಲಿ ಅಶ್ಲೀಲ ಸಂದೇಶಗಳು ಹರಿದಾಡುತ್ತಿರುವುದನ್ನು 2020ರಲ್ಲಿ ಬಿಬಿಸಿ ಬಯಲಿಗೆಳೆದ ಬಳಿಕ ಡಿಸ್ನಿಯ ಕಾನೂನು ನೋಟಿಸ್ ಜಾರಿಯಾಗಿ ಅದು ಬಂದಾಯಿತು.

ಅವಧಿ ಮುಗಿದ ವಿಳಾಸವನ್ನು ಅಗ್ಗಕ್ಕೆ ಕೊಂಡು, ಅದಕ್ಕೆ ಹಿಂದೆ ದೊರೆತಿದ್ದ ಕೊಂಡಿಗಳ ಬಲದಿಂದ ಬೇರೇನನ್ನೋ ಮಾರುವ ದಂಧೆಯೂ ಇದೆ. 2024ರ ಮಾರ್ಚ್‌ನಲ್ಲಿ ಗೂಗಲ್ ಇದನ್ನು ತನ್ನ ಸ್ಪ್ಯಾಮ್ ನೀತಿಯಲ್ಲಿ ಪ್ರತ್ಯೇಕ ಉಲ್ಲಂಘನೆಯೆಂದು ಹೆಸರಿಸಿತು. ಆಟ ನಿಲ್ಲಿಸುವ ಒಡೆಯರು ವಿಳಾಸದ ಶುಲ್ಕವನ್ನು ಇನ್ನೂ ಕೆಲವು ವರ್ಷ ಕಟ್ಟಿ, ತಾಣ ಮುಚ್ಚಿದೆ ಎಂಬ ಒಂದು ಸಾಲನ್ನು ಅಲ್ಲಿ ಬರೆದಿಟ್ಟರೆ ಹಳೆಯ ಕೊಂಡಿ ಹಿಡಿದು ಬರುವ ಮಕ್ಕಳು ಜೂಜಿನ ಪುಟಕ್ಕೆ ಹೋಗಿ ಬೀಳುವುದು ತಪ್ಪುತ್ತದೆ.