ಚೀಲದ ಸುಂಕ

ಅಡುಗೆಮನೆಯ ಬಾಗಿಲ ಹಿಂದೆ ತೂಗುವ ಬಟ್ಟೆಯ ಕೈಚೀಲವನ್ನು ಮರೆತು ತರಕಾರಿಗೆ ಹೊರಡುವುದು ನನ್ನ ಹಳೆಯ ಚಾಳಿ. ಅಂಗಡಿಯವನು ಕೇಳದೆಯೇ ಪ್ಲಾಸ್ಟಿಕ್ ಚೀಲ ಕೊಡುತ್ತಾನೆ, ನಾನೂ ಸುಮ್ಮನೆ ತರುತ್ತೇನೆ. ನಮ್ಮ ರಾಜ್ಯದಲ್ಲಿ 2016ರಲ್ಲೇ ಇವುಗಳಿಗೆ ನಿಷೇಧ ಬಂತು. ನನ್ನ ಮರೆವು ಮಾತ್ರ ಹೋಗಲಿಲ್ಲ. ಹಾಗೆ ತಂದಾಗಲೆಲ್ಲ ನಿಷೇಧದ ಬದಲು ತೆರಿಗೆ ಹಾಕಿ ನೋಡಿದ ಐರ್ಲೆಂಡ್ ನೆನಪಾಗುತ್ತದೆ.

ಅಲ್ಲಿಯೂ ಬೇಲಿ, ಮರ, ಕಡಲತೀರಗಳಲ್ಲೆಲ್ಲ ಚೀಲಗಳು ಸಿಕ್ಕಿಕೊಂಡಿರುತ್ತಿದ್ದವು. ಒಂದು ಚೀಲಕ್ಕೆ ಎಷ್ಟು ಕೊಡುತ್ತೀರಿ ಎಂದು ಮೊದಲೇ ಜನರನ್ನು ವಿಚಾರಿಸಿದ್ದರು. ಅವರು ಒಪ್ಪಿದ ಗರಿಷ್ಠ ಬೆಲೆಯ ಸರಾಸರಿ ಎರಡೂವರೆ ಸೆಂಟನ್ನೂ ಮುಟ್ಟಲಿಲ್ಲ. (ನೂರು ಸೆಂಟಿಗೆ ಒಂದು ಯೂರೋ.) ಸರ್ಕಾರ 2002ರ ಮಾರ್ಚ್ 4ರಿಂದ ಹಾಕಿದ್ದು 15 ಸೆಂಟ್, ಆರು ಪಟ್ಟಿಗೂ ಹೆಚ್ಚು! ಜನ ರೇಗಬೇಕಿತ್ತಲ್ಲವೇ? ರೇಗಲಿಲ್ಲ. ವರ್ಷಕ್ಕೆ ತಲಾ 328 ಚೀಲ ಬಳಸುತ್ತಿದ್ದವರು 21ಕ್ಕೆ ಇಳಿದರು. ಯೂರೋಪಿನಲ್ಲೇ ಜನ ಅತಿ ಹೆಚ್ಚು ಮೆಚ್ಚಿದ ತೆರಿಗೆ ಇದೇ ಇರಬಹುದೇ ಎಂದು ಅರ್ಥಶಾಸ್ತ್ರಜ್ಞರೇ ಕೇಳಿದರು. ಬಳಕೆ ಮತ್ತೆ ತುಸು ಏರಿದಾಗ, 2007ರಲ್ಲಿ, ಅದನ್ನು 22 ಸೆಂಟಿಗೆ ಏರಿಸಿದರು.

ಹಾಗಾದರೆ ಐರಿಷ್ ಜನ ತೆರಿಗೆಪ್ರಿಯರೇ? ಖಂಡಿತ ಅಲ್ಲ. 2014ರಲ್ಲಿ ಮನೆಬಳಕೆಯ ನೀರಿಗೆ ಶುಲ್ಕ ಬಂದಾಗ ಇದೇ ಜನ ಡಬ್ಲಿನ್ನಿನ ಬೀದಿಗಳಲ್ಲಿ ಸಾಗರದಂತೆ ಸೇರಿದರು. ಮೀಟರ್ ಕೂರಿಸಲು ಬಂದವರನ್ನು ಮನೆಯ ಮುಂದೆ ನಿಂತು ತಡೆದರು. ನೀರು ಉಳಿಯುತ್ತದೆ, ಸೋರುವ ಕೊಳವೆಗಳು ದುರಸ್ತಿಯಾಗುತ್ತವೆ ಎಂದ ಸರ್ಕಾರದ ಮಾತು ಯಾರ ಕಿವಿಗೂ ಬೀಳಲಿಲ್ಲ. 2016ರಲ್ಲಿ ಶುಲ್ಕವನ್ನು ತಡೆಹಿಡಿದರು. ಆಮೇಲೆ ಕಟ್ಟಿದವರಿಗೆ ಹಣವನ್ನೂ ಹಿಂದಿರುಗಿಸಿದರು.

ಒಂದೇ ದೇಶ, ಅದೇ ಜನ, ಎರಡು ಮುಖ. ಮನೆಖರ್ಚು ತೂಗಿಸುವ ನಮಗೆ ಇದರ ಗುಟ್ಟು ತಿಳಿಯದ್ದೇನಲ್ಲ. ಚೀಲದ ಸುಂಕವನ್ನು ತಪ್ಪಿಸಿಕೊಳ್ಳುವುದು ಗೃಹಿಣಿಯ ಕೈಯಲ್ಲೇ ಇತ್ತು. ಮನೆಯಿಂದ ಚೀಲ ಒಯ್ದರೆ ಕಾಸೂ ಖರ್ಚಿಲ್ಲ. ಕೊಟ್ಟ ಹಣವೂ ಪರಿಸರದ ಕೆಲಸಕ್ಕೆಂದೇ ಇಟ್ಟ ನಿಧಿಗೆ ಹೋಗುತ್ತಿತ್ತು, ಬೇಲಿಗಳು ಸ್ವಚ್ಛವಾದದ್ದು ಕಣ್ಣಿಗೆ ಕಾಣುತ್ತಿತ್ತು. ನೀರು ಹಾಗಲ್ಲ. ಮಗುವಿಗೆ ಸ್ನಾನ ಮಾಡಿಸದೆ, ಪಾತ್ರೆ ತೊಳೆಯದೆ ಇರಲಾದೀತೇ? ಮೇಲಾಗಿ 2008ರ ಆರ್ಥಿಕ ಕುಸಿತದ ನಂತರ ಸಂಬಳ ಕಡಿತ, ಹೊಸ ತೆರಿಗೆಗಳಿಂದ ಬೆಂದಿದ್ದವರು, "ನೀರಿಗೆಂದು ಆಗಲೇ ತೆರಿಗೆ ಕಟ್ಟಿದ್ದೇವಲ್ಲ, ಮತ್ತೆ ಯಾಕೆ?" ಎಂದು ಕೇಳಿದರು.

ಅವರಿಗೆ ಪರಿಸರದ ಕಾಳಜಿ ಇರಲಿಲ್ಲ ಎನ್ನಲು ನನಗೆ ಮನಸ್ಸು ಬಾರದು. ತಿದ್ದಿಕೊಳ್ಳಲು ದಾರಿಯಿರುವ ದಂಡವನ್ನು ನಾವು ಯಾರೂ ನಗುತ್ತಲೇ ಒಪ್ಪಿಯೇವು. ನಮ್ಮ ಅಂಗಡಿಯವನು ನಾಳೆ ಚೀಲಕ್ಕೆ ಹತ್ತು ರೂಪಾಯಿ ಕೇಳಿದರೆ, ಬಾಗಿಲ ಹಿಂದಿನ ಆ ಕೈಚೀಲ ನನಗೆ ಮರೆಯಲಾರದು.