ಕೊಂದರೂ ಸಾಯದ ಬೆಕ್ಕು

‘ಕಾರ್ಟೂನ್ ಅಂದ್ರೆ ಮಕ್ಕಳಿಗೆ ತಾನೆ?’ ಅಂತ ಯಾರಾದ್ರೂ ಕೇಳಿದಾಗೆಲ್ಲ ನನಗೆ ರಾಲ್ಫ್ ಬಾಕ್ಷಿ ನೆನಪಾಗ್ತಾನೆ. 1938ರಲ್ಲಿ ಹೈಫಾದಲ್ಲಿ ಹುಟ್ಟಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಬೆಳೆದವನು. 1972ರಲ್ಲಿ ಬಂದ ಅವನ ‘ಫ್ರಿಟ್ಜ್ ದಿ ಕ್ಯಾಟ್’, ಅಮೆರಿಕದಲ್ಲಿ ಎಕ್ಸ್ ಸರ್ಟಿಫಿಕೇಟ್ ಪಡೆದ ಮೊದಲ ಪೂರ್ಣಪ್ರಮಾಣದ ಅನಿಮೇಷನ್ ಚಿತ್ರ. ನಿಜ ಹೇಳ್ಬೇಕಂದ್ರೆ ನಾನು ನೋಡೋಕೆ ಕೂತಿದ್ದೂ ಆ ಎಕ್ಸ್‌ಗಾಗಿಯೇ.

ಮನಸ್ಸಲ್ಲಿ ಉಳಿದದ್ದು ಮಾತ್ರ ಬೀದಿ. ಕೈಯಲ್ಲಿ ಕಾಸು ಕಮ್ಮಿ. ಪೆನ್ಸಿಲ್ ಚಿತ್ರಗಳನ್ನು ಮೊದಲೇ ಶೂಟ್ ಮಾಡಿ ಚಲನೆ ಪರೀಕ್ಷಿಸುವುದು ರೂಢಿ. ಇಲ್ಲಿ ಅದಕ್ಕೂ ದುಡ್ಡಿಲ್ಲ, ಹಾಳೆಗಳನ್ನು ಬೆರಳಲ್ಲಿ ಸರಸರ ತಿರುವಿಯೇ ಅಂದಾಜು. ನ್ಯೂಯಾರ್ಕ್ ಬೀದಿಗಳ ಫೋಟೋ ಮೇಲೆಯೇ ಗೆರೆ ಎಳೆದು ಹಿನ್ನೆಲೆ ಬರೆಸಿದ. ಎಷ್ಟೋ ಕಡೆ ನಟರೇ ಇಲ್ಲ. ಸಾಮಾನ್ಯ ಜನರ ಮಾತನ್ನು ರೆಕಾರ್ಡ್ ಮಾಡಿ ಪ್ರಾಣಿಗಳ ಬಾಯಿಗೆ ಹಾಕಿದ. ಅದಕ್ಕೇ ಆ ಮಾತು ತಡವರಿಸುತ್ತೆ, ಒಂದರ ಮೇಲೊಂದು ಬೀಳುತ್ತೆ. ನನಗೆ ಇದು ‘ದೊಡ್ಡವರ ಚಿತ್ರ’ ಅನಿಸಿದ್ದು ಬೆತ್ತಲೆಯಿಂದಲ್ಲ, ಈ ಗದ್ದಲದಿಂದ. (ಹೆಣ್ಣುಪಾತ್ರಗಳನ್ನು ತೋರಿಸಿದ ರೀತಿ ಇವತ್ತಿಗೆ ಕಸಿವಿಸಿಯೇ, ಮುಚ್ಚಿಡಲ್ಲ.)

ಚಿತ್ರ ಭರ್ಜರಿ ಓಡಿತು. ಆದರೆ ಕಾಮಿಕ್ಸ್‌ನಲ್ಲಿ ಆ ಬೆಕ್ಕನ್ನು ಹುಟ್ಟಿಸಿದ ರಾಬರ್ಟ್ ಕ್ರಂಬ್‌ಗೆ ಅದು ಸುತರಾಂ ಹಿಡಿಸಲಿಲ್ಲ. ಅದೇ ವರ್ಷ ಹೊಸ ಕಾಮಿಕ್ ಬರೆದು, ಫ್ರಿಟ್ಜ್‌ನನ್ನು ಸಿನಿಮಾ ಸ್ಟಾರ್ ಮಾಡಿ, ಹಳೇ ಗೆಳತಿಯಾದ ಒಂದು ಉಷ್ಟ್ರಪಕ್ಷಿಯ ಕೈಲಿ ತಲೆಗೆ ಚುಚ್ಚಿಸಿ ಕೊಂದೇಬಿಟ್ಟ.

ನಿರ್ಮಾಪಕರು ಬಿಡಬೇಕಲ್ಲ! 1974ರಲ್ಲಿ ಫ್ರಿಟ್ಜ್‌ನ ಒಂಬತ್ತು ಜನ್ಮಗಳ ಕತೆ ಅಂತ ಎರಡನೇ ಚಿತ್ರ ಬಂತು. ಅದನ್ನು ನಿರ್ದೇಶಿಸಿದ್ದು ಬೇರೆಯವರು. ಬಾಕ್ಷಿ ಅಷ್ಟೊತ್ತಿಗೆ ಬೆಕ್ಕನ್ನು ಬಿಟ್ಟು, ನ್ಯೂಯಾರ್ಕಿನ ಒಬ್ಬ ಕಾರ್ಟೂನಿಸ್ಟ್ ಹುಡುಗನ ಕತೆ ‘ಹೆವಿ ಟ್ರಾಫಿಕ್’ ಮಾಡಿ ಮುಗಿಸಿದ್ದ.