ಬರಹದೊಳಗಣ ಕೋಡಿನ ಉದ್ಧರಣ: ಒಂದು ಚಾರಿತ್ರಿಕ ಟಿಪ್ಪಣಿ

ಗುಂಜಹಳ್ಳಿ, ಮಾನ್ವಿ, ದೇವದುರ್ಗಗಳನ್ನೊಳಗೊಂಡ ರಾಯಚೂರು ಸೀಮೆಯ ಶಾಸನಗಳನ್ನು ಅಭ್ಯಸಿಸುವವರಿಗೆ ಒಂದು ಕಾರ್ಯ ಚಿರಪರಿಚಿತವಾದುದು. ಗಬ್ಬೂರಿನಂತಹ ಸ್ಥಳಗಳ ಚಾಳುಕ್ಯಕಾಲದ ದಾನಶಾಸನಗಳಲ್ಲಿ ಮಂಗಳಶ್ಲೋಕ, ರಾಜಪ್ರಶಸ್ತಿ, ಶಾಪಾಶಯಗಳ ನಡುವೆ ದಾನದ ವಿವರ ಅಡಗಿರುತ್ತದೆ. ಚರಿತ್ರಕಾರನು ಅಷ್ಟನ್ನು ಮಾತ್ರ ಬೇರ್ಪಡಿಸಿಕೊಳ್ಳಬೇಕು. ಗಣಕಯಂತ್ರಗಳ ಲೋಕದಲ್ಲಿಯೂ ಇಂತಹುದೇ ಕಾರ್ಯಕ್ಕಾಗಿ ಚಿಕ್ಕ ಚಿಕ್ಕ ಲೈಬ್ರರಿಗಳು ರಚಿತವಾಗಿವೆ. ವಿವರಣೆಯ ಗದ್ಯದೊಳಗೆ ಸೇರಿರುವ ಪ್ರೋಗ್ರಾಮಿನ ಸಾಲುಗಳನ್ನು ಹೊರತೆಗೆದುಕೊಡುವುದಷ್ಟೇ ಅವುಗಳ ಕೆಲಸ.

ಈ ಆಲೋಚನೆ ಇಂದಿನದಲ್ಲ. ಪ್ರೋಗ್ರಾಮನ್ನು ಮನುಷ್ಯರು ಓದುವ ಪ್ರಬಂಧದಂತೆ ಬರೆಯಬೇಕೆಂದು ಡೊನಾಲ್ಡ್ ಕ್ನೂತರು 1984ರಲ್ಲಿ ‘ದಿ ಕಂಪ್ಯೂಟರ್ ಜರ್ನಲ್’ ಪತ್ರಿಕೆಯಲ್ಲಿ ಪ್ರತಿಪಾದಿಸಿದರು. ಅವರ ‘ವೆಬ್’ ಪದ್ಧತಿಯಲ್ಲಿ (ಅಂತರ್ಜಾಲಕ್ಕೂ ಇದಕ್ಕೂ ಸಂಬಂಧವಿಲ್ಲ) ಒಂದೇ ಮೂಲಪ್ರತಿಯಿಂದ ‘ವೀವ್’ ಎಂಬುದು ಮುದ್ರಣಯೋಗ್ಯ ಬರಹವನ್ನೂ ‘ಟ್ಯಾಂಗಲ್’ ಎಂಬುದು ಪಾಸ್ಕಲ್ ಭಾಷೆಯ ಕೋಡನ್ನೂ ತೆಗೆದುಕೊಡುತ್ತಿದ್ದವು. ಟೆಕ್ ಎಂಬ ಪ್ರಸಿದ್ಧ ಅಕ್ಷರಜೋಡಣೆಯ ಪ್ರೋಗ್ರಾಮು ಬರೆಯಲ್ಪಟ್ಟುದು ಈ ಪದ್ಧತಿಯಲ್ಲಿಯೇ.

2004ರಲ್ಲಿ ಜಾನ್ ಗ್ರೂಬರರು ಪ್ರಕಟಿಸಿದ ಮಾರ್ಕ್‌ಡೌನ್ ಇನ್ನೂ ಸರಳವಾದುದು. ಅದರಲ್ಲಿ ಸಾಲಿನ ಆದಿಯಲ್ಲಿ 4 ಅಕ್ಷರಗಳಷ್ಟು ಸ್ಥಳ ಬಿಟ್ಟು ಬರೆದುದು ಕೋಡ್ ಎನಿಸಿಕೊಳ್ಳುತ್ತದೆ. ಇದು ಕಣ್ಣಿಗೆ ಅಂದವೇ ಸರಿ. ಆದರೆ ಪಟ್ಟಿಯೊಳಗೆ ಒಳಸರಿಸಿ ಬರೆದ ಸಾದಾ ವಾಕ್ಯವಾವುದು, ಕೋಡ್ ಯಾವುದು ಎಂಬುದು ಸಂದಿಗ್ಧವಾಗುತ್ತದೆ. ಖಾಲಿ ಜಾಗವನ್ನೇ ಗುರುತಾಗಿ ನಂಬುವುದು ದುರ್ಬಲ ಕ್ರಮವೆಂದು ನಮ್ಮ ಅಭಿಪ್ರಾಯ. ಆದುದರಿಂದಲೇ ಕೋಡಿನ ಮೇಲೆ ಕೆಳಗೆ ಬೇಲಿಯಂತೆ ಮೂರು ಬ್ಯಾಕ್‌ಟಿಕ್ ಚಿಹ್ನೆಗಳನ್ನಿಡುವ ರೂಢಿ ಬಳಕೆಗೆ ಬಂದಿತು. 2014ರಲ್ಲಿ ಪ್ರಕಟವಾದ ಕಾಮನ್‌ಮಾರ್ಕ್ ಅದಕ್ಕೆ ಖಚಿತವಾದ ನಿಯಮಗಳನ್ನು ವಿಧಿಸಿತು: ತೆರೆಯುವ ಬೇಲಿಯ ಪಕ್ಕದಲ್ಲಿ ಕೋಡಿನ ಭಾಷೆಯ ಹೆಸರನ್ನು ಬರೆಯಬಹುದು, ಮುಚ್ಚುವ ಬೇಲಿ ಅದೇ ಚಿಹ್ನೆಯದಾಗಿದ್ದು ತೆರೆದುದಕ್ಕಿಂತ ಗಿಡ್ಡವಾಗಿರಕೂಡದು. ನಾಲ್ಕು ಚಿಹ್ನೆಗಳ ಬೇಲಿಯೊಳಗೆ ಮೂರರದು ನಿರಪಾಯವಾಗಿ ಕೂಡುವುದು ಈ ನಿಯಮದಿಂದ.

ಮುಚ್ಚುವ ಬೇಲಿಯೇ ಇಲ್ಲದಿದ್ದರೆ? ಕಾಮನ್‌ಮಾರ್ಕಿನ ಪ್ರಕಾರ ಬರಹದ ಕೊನೆಯವರೆಗಿನದೆಲ್ಲವೂ ಕೋಡ್. ಲೈಬ್ರರಿಯು ಇದನ್ನು ಮೌನವಾಗಿ ಪಾಲಿಸಿದರೆ ಪಠ್ಯಪುಸ್ತಕದ ಉಳಿದ ಗದ್ಯವೆಲ್ಲ ಪ್ರೋಗ್ರಾಮಿನೊಳಗೆ ಸೇರುತ್ತದೆ; ಉದಾಹರಣೆಯನ್ನು ನಡೆಸಿನೋಡುವ ವಿದ್ಯಾರ್ಥಿಯು ತಪ್ಪು ತನ್ನದೆಂದೇ ಭ್ರಮಿಸುತ್ತಾನೆ. ಶಾಸನದ ಸಂಪಾದಕನು ಕಲ್ಲು ಒಡೆದ ಎಡೆಯಲ್ಲಿ ಊಹೆಯನ್ನು ತುಂಬದೆ, ಪಾಠ ತ್ರುಟಿತವೆಂದು ಆವರಣಚಿಹ್ನೆಯಿಂದ ಸೂಚಿಸುತ್ತಾನೆ. ಲೈಬ್ರರಿಯೂ ಹಾಗೆಯೇ, ಯಾವ ಸಾಲಿನಲ್ಲಿ ತೆರೆದ ಬೇಲಿ ಮುಚ್ಚಿಲ್ಲವೆಂಬುದನ್ನು ತಿಳಿಸತಕ್ಕದ್ದು. ಕ್ನೂತರ ಟ್ಯಾಂಗಲ್ ತಾನು ಹೊರತೆಗೆದ ಕೋಡಿನ ಪ್ರತಿಯೊಂದು ತುಣುಕಿಗೂ ಮೂಲಬರಹದ ವಿಭಾಗಸಂಖ್ಯೆಯನ್ನು ಟಿಪ್ಪಣಿಯಾಗಿ ಸೇರಿಸುತ್ತಿದ್ದಿತು.